ಮೂರು ವರ್ಷಗಳ ಭಾನುವಾರಗಳನ್ನು ತೆಗೆದುಕೊಂಡ ಸಂಖ್ಯೆ

ಇವತ್ತಿನ ಒಂದು ಗಂಟೆಯನ್ನು ಒಂದೇ ಒಂದು ಸಂಖ್ಯೆಗೆ ಕೊಡೋಣ. ಹಲಗೆಯ ಮೇಲೆ ಬರೆದಿದ್ದೇನೆ, ನೋಡಿ:

14,75,73,95,25,89,67,64,12,927

ಇಪ್ಪತ್ತೊಂದು ಅಂಕಿಗಳಿವೆ. ಮೊದಲು ಇದನ್ನು ಬಾಯಿಬಿಟ್ಟು ಓದೋಣ. ಓದಲು ಬಾರದ ಸಂಖ್ಯೆಯೊಡನೆ ಸ್ನೇಹ ಬೆಳೆಯುವುದಿಲ್ಲ ಎಂದು ನಾನು ನಂಬಿದ್ದೇನೆ. ಹದಿನಾಲ್ಕು ಲಕ್ಷದ ಎಪ್ಪತ್ತೈದು ಸಾವಿರದ ಏಳುನೂರ ಮೂವತ್ತೊಂಬತ್ತು ಕೋಟಿ ಕೋಟಿ; ಐವತ್ತೆರಡು ಲಕ್ಷದ ಐವತ್ತೆಂಟು ಸಾವಿರದ ಒಂಬೈನೂರ ಅರವತ್ತೇಳು ಕೋಟಿ; ಅರವತ್ತನಾಲ್ಕು ಲಕ್ಷದ ಹನ್ನೆರಡು ಸಾವಿರದ ಒಂಬೈನೂರ ಇಪ್ಪತ್ತೇಳು.

ಕೋಟಿಯ ಮುಂದೆ ನಮ್ಮ ಇಂದಿನ ಮಾತು ನಿಂತುಬಿಡುತ್ತದೆ. ಅದಕ್ಕೇ ‘ಕೋಟಿ ಕೋಟಿ’ ಎನ್ನಬೇಕಾಯಿತು. ಆದರೆ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಈ ನಾಡಿನ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದರು. ಏಕ, ದಶ, ಶತದಿಂದ ಹೊರಟು ಕೋಟಿಯನ್ನು ದಾಟಿ ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿ ಎಂದು ಸಾಗಿ ಮಹಾಕ್ಷೋಭದಲ್ಲಿ ಆ ಪಟ್ಟಿ ಮುಗಿಯುತ್ತದೆ. ಅದರಲ್ಲಿ ಇಪ್ಪತ್ತೊಂದನೆಯ ಸ್ಥಾನದ ಹೆಸರು ಕ್ಷಿತಿ. ಹಾಗಾಗಿ ಅವರ ಮುಂದೆ ಈ ಸಂಖ್ಯೆಯನ್ನು ಇಟ್ಟಿದ್ದರೆ ಒಂದು ಕ್ಷಿತಿ, ನಾಲ್ಕು ಮಹಾಶಂಖ, ಏಳು ಶಂಖ, ಐದು ಮಹಾಕ್ಷೋಣಿ, ಏಳು ಕ್ಷೋಣಿ, ಮೂರು ಮಹಾಪದ್ಮ, ಒಂಬತ್ತು ಪದ್ಮ ಎಂದು ಎಲ್ಲಿಯೂ ತಡೆಯದೆ ಓದಿಬಿಡಬಹುದಾಗಿತ್ತು. ಅವರ ಪಟ್ಟಿಯಲ್ಲಿ ಇನ್ನೂ ಮೂರು ಹೆಸರುಗಳು ಉಳಿಯುತ್ತಿದ್ದವು.

ಈ ಸಂಖ್ಯೆ ಹುಟ್ಟುವ ಬಗೆ ಬಹಳ ಸರಳ. ಎರಡನ್ನು ಅರವತ್ತೇಳು ಸಲ ಬರೆದು ಗುಣಿಸಿ, ಬಂದದ್ದರಲ್ಲಿ ಒಂದನ್ನು ಕಳೆಯಿರಿ: 2⁶⁷ − 1. ಚದುರಂಗದ ಮಣೆಯ ಕಥೆ ನಿಮಗೆಲ್ಲ ಗೊತ್ತು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಆ ಮಣೆಯಲ್ಲಿ ಅರವತ್ತನಾಲ್ಕರ ಬದಲು ಅರವತ್ತೇಳು ಮನೆಗಳಿದ್ದಿದ್ದರೆ ಎಲ್ಲ ಕಾಳುಗಳ ಮೊತ್ತ ಸರಿಯಾಗಿ ಇಷ್ಟೇ ಆಗುತ್ತಿತ್ತು.

ಛಂದಸ್ಸು ಓದಿದವರು ಇಲ್ಲಿ ಇದ್ದಾರೆಂದು ಕಾಣುತ್ತದೆ, ಅವರಿಗಾಗಿ ಇನ್ನೊಂದು ಮಾತು. ಮೂರು ಅಕ್ಷರಗಳಲ್ಲಿ ಗುರು ಲಘುಗಳನ್ನು ಎಂಟು ಬಗೆಯಲ್ಲಿ ಜೋಡಿಸಬಹುದು. ಅವೇ ನಮ್ಮ ಎಂಟು ಅಕ್ಷರಗಣಗಳು. ಎರಡರ ಮೂರನೆಯ ಘಾತ ಎಂಟು. ಉತ್ಪಲಮಾಲೆಯ ಹಾಗೆ ಇಪ್ಪತ್ತು ಅಕ್ಷರಗಳ ಸಾಲಾದರೆ 10,48,576 ಬಗೆ. ಅರವತ್ತೇಳು ಅಕ್ಷರಗಳ ಸಾಲಾದರೆ 2⁶⁷ ಬಗೆ. ಅದರಲ್ಲಿ ಎಲ್ಲವೂ ಲಘುವಾಗಿರುವ ಒಂದನ್ನು ಬಿಟ್ಟರೆ ಉಳಿದದ್ದು ನಮ್ಮ ಸಂಖ್ಯೆ. ಇಂತಹ ಘಾತಗಳನ್ನು ಬೇಗ ಕಂಡುಹಿಡಿಯುವ ಉಪಾಯವನ್ನು ಪಿಂಗಲನೇ ತನ್ನ ಛಂದಃಸೂತ್ರಗಳಲ್ಲಿ ಹೇಳಿದ್ದಾನೆ: ಸಂಖ್ಯೆ ಸಮವಾಗಿದ್ದರೆ ಅರ್ಧ ಮಾಡು, ಬೆಸವಾಗಿದ್ದರೆ ಒಂದು ಕಳೆ, ಹಿಂದಿರುಗಿ ಬರುವಾಗ ಅರ್ಧ ಮಾಡಿದಲ್ಲಿ ವರ್ಗ ಮಾಡು, ಒಂದು ಕಳೆದಲ್ಲಿ ಇಮ್ಮಡಿಸು. ಅರವತ್ತೇಳಕ್ಕೆ ಇದನ್ನು ಹಚ್ಚಿ ನೋಡಿ. 67, 66, 33, 32, 16, 8, 4, 2, 1. ಹಿಂದಿರುಗುವಾಗ 2, 4, 16, 256, 65,536, ಆಮೇಲೆ 429,49,67,296. ಅದರ ಇಮ್ಮಡಿ 858,99,34,592. ಅದನ್ನು ವರ್ಗ ಮಾಡಿ ಮತ್ತೆ ಇಮ್ಮಡಿಸಿದರೆ ಕೆಲಸ ಮುಗಿಯಿತು. ಅರವತ್ತಾರು ಗುಣಾಕಾರಗಳ ಜಾಗದಲ್ಲಿ ಎಂಟು ಸಾಕಾದವು.

ಈಗ ಮುಖ್ಯ ಪ್ರಶ್ನೆ. ಈ ಸಂಖ್ಯೆಯನ್ನು ಎರಡು ಚಿಕ್ಕ ಸಂಖ್ಯೆಗಳ ಗುಣಲಬ್ಧವಾಗಿ ಬರೆಯಲು ಬರುತ್ತದೆಯೇ? ಅಥವಾ ಇದು ಒಡೆಯದ, ಅವಿಭಾಜ್ಯ ಸಂಖ್ಯೆಯೇ?

ದ್ವಿಮಾನ ಪದ್ಧತಿಯಲ್ಲಿ ಬರೆದರೆ ಇದು ಬರೀ ಒಂದುಗಳ ಸಾಲು, ಅರವತ್ತೇಳು ಒಂದುಗಳು. ಆರು ಒಂದುಗಳ ಸಾಲಾಗಿದ್ದರೆ ಒಡೆಯುವುದು ಸುಲಭವಿತ್ತು. 111111 ಎಂಬುದನ್ನು ಮೂರು ಮೂರರ ಎರಡು ಗುಂಪು ಮಾಡಿದರೆ 111 × 1001 ಆಗುತ್ತದೆ; ನಮ್ಮ ದಶಮಾನದ ಭಾಷೆಯಲ್ಲಿ 63 = 7 × 9. ಒಂದುಗಳ ಎಣಿಕೆಯನ್ನು ಸಮ ಗುಂಪುಗಳಾಗಿ ಹಂಚಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. ಆದರೆ 67 ತಾನೇ ಅವಿಭಾಜ್ಯ. ಅರವತ್ತೇಳು ಒಂದುಗಳನ್ನು ಸಮ ಗುಂಪು ಮಾಡಲು ಬರುವುದಿಲ್ಲ, ಆ ಬಾಗಿಲು ಮುಚ್ಚಿದೆ. ಹಾಗಾದರೆ ಸಂಖ್ಯೆ ಅವಿಭಾಜ್ಯವೆಂದು ಹೇಳಿಬಿಡಬಹುದೇ? ಹಾಗೆ ನಂಬಿದವರು ಇದ್ದರು. ಎರಡು, ಮೂರು, ಐದು, ಏಳು ಒಂದುಗಳ ಸಾಲುಗಳು 3, 7, 31, 127; ಎಲ್ಲವೂ ಅವಿಭಾಜ್ಯ. ಹನ್ನೊಂದು ಒಂದುಗಳಿಗೆ ಬಂದಾಗ ನಂಬಿಕೆ ಮುರಿಯುತ್ತದೆ: 2047 = 23 × 89. ಇದನ್ನು 1536ರಲ್ಲಿ ರೀಜಿಯಸ್ ಎಂಬುವರು ತೋರಿಸಿದರು. ಈ 2047ನ್ನು ನೆನಪಿನಲ್ಲಿಡಿ. ನಮ್ಮ ದೊಡ್ಡ ಸಂಖ್ಯೆಯ ಗುಣಗಳೆಲ್ಲ ಇದರಲ್ಲಿ ಅಂಗೈಯಗಲದಲ್ಲಿ ಕಾಣಿಸುತ್ತವೆ. ಆಗಾಗ ಇದಕ್ಕೇ ಹಿಂದಿರುಗೋಣ.

ಇಂತಹ ಸಂಖ್ಯೆಗಳ ಮೇಲೆ ಜನಕ್ಕೆ ಏಕೆ ಅಷ್ಟು ಆಸಕ್ತಿ ಎಂದರೆ, ಕಾರಣ ಯೂಕ್ಲಿಡನಷ್ಟು ಹಳೆಯದು. 6 ಎಂಬ ಸಂಖ್ಯೆಯನ್ನು ಭಾಗಿಸುವ ಚಿಕ್ಕ ಸಂಖ್ಯೆಗಳು 1, 2, 3, ಮೊತ್ತ ಆರೇ. 28ಕ್ಕೂ ಹಾಗೆಯೇ: 1, 2, 4, 7, 14. ಇವು ಪರಿಪೂರ್ಣ ಸಂಖ್ಯೆಗಳು. 6 = 2 × 3, 28 = 4 × 7. ಒಂದುಗಳ ಸಾಲಿನ ಪ್ರತಿಯೊಂದು ಅವಿಭಾಜ್ಯವೂ ಹೀಗೆ ಒಂದು ಪರಿಪೂರ್ಣ ಸಂಖ್ಯೆಯನ್ನು ಕೊಡುತ್ತದೆ. ಪ್ಯಾರಿಸ್ಸಿನಲ್ಲಿದ್ದ ಪಾದ್ರಿ ಮರಾಂ ಮೆರ್ಸೆನ್ ಇದೇ ದಾರಿಯಲ್ಲಿ ಹೋಗುತ್ತ 1644ರಲ್ಲಿ ಒಂದು ಪಟ್ಟಿಯನ್ನು ಪ್ರಕಟಿಸಿದರು. 257ರವರೆಗಿನ ಘಾತಗಳಲ್ಲಿ 2, 3, 5, 7, 13, 17, 19, 31, 67, 127, 257 ಇಷ್ಟಕ್ಕೆ ಮಾತ್ರ ಅವಿಭಾಜ್ಯ ಸಿಗುತ್ತದೆ ಎಂದು. ಸಾಧನೆ ಕೊಡಲಿಲ್ಲ. ಕೊಡಲು ಸಾಧ್ಯವೂ ಇರಲಿಲ್ಲ. ಹದಿನೈದು ಇಪ್ಪತ್ತು ಅಂಕಿಗಳ ಸಂಖ್ಯೆಯೊಂದು ಅವಿಭಾಜ್ಯವೇ ಎಂದು ಪರೀಕ್ಷಿಸಲು ಇಡೀ ಕಾಲವೇ ಸಾಲದು ಎಂಬರ್ಥದ ಮಾತನ್ನು ಅವರೇ ಬರೆದಿದ್ದಾರೆ. ನೋಡಿ, ಆ ಪಟ್ಟಿಯಲ್ಲಿ ನಮ್ಮ 67 ಇದೆ.

ಇನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಆ ಮಾತು ಹಾಗೆಯೇ ಉಳಿಯಿತು. ಆಯ್ಲರ್ 1772ರಲ್ಲಿ 31ರ ಘಾತ ಸರಿಯೆಂದು ಸಾಧಿಸಿದರು. 67ರ ಹತ್ತಿರ ಯಾರೂ ಹೋಗಲಾಗಲಿಲ್ಲ. ಹೋದವರು ಫ್ರಾನ್ಸಿನ ಎದುವಾರ್ ಲ್ಯೂಕಾ, 1876ರಲ್ಲಿ.

ಲ್ಯೂಕಾ ಹೆಸರು ಕೇಳಿಲ್ಲವೆಂದರೂ ಅವರ ಆಟಿಕೆಯನ್ನು ನೀವು ನೋಡಿರುತ್ತೀರಿ. ಮೂರು ಕಂಬ, ದೊಡ್ಡದರ ಮೇಲೆ ಚಿಕ್ಕದರಂತೆ ಪೇರಿಸಿದ ಬಿಲ್ಲೆಗಳು, ಒಂದೊಂದಾಗಿ ಇನ್ನೊಂದು ಕಂಬಕ್ಕೆ ಸಾಗಿಸಬೇಕು, ಚಿಕ್ಕದರ ಮೇಲೆ ದೊಡ್ಡದನ್ನು ಇಡಬಾರದು. ‘ಹನೋಯಿ ಗೋಪುರ’ ಎಂದು 1883ರಲ್ಲಿ ಅವರು ಹೊರತಂದ ಆಟ ಅದು. ಆ ಆಟಕ್ಕೂ ನಮ್ಮ ಸಂಖ್ಯೆಗೂ ನೇರ ನಂಟಿದೆ: ಅರವತ್ತೇಳು ಬಿಲ್ಲೆಗಳಿದ್ದರೆ ಎಲ್ಲವನ್ನೂ ಸಾಗಿಸಲು ಕನಿಷ್ಠ ಬೇಕಾದ ನಡೆಗಳು ಸರಿಯಾಗಿ 2⁶⁷ − 1. ಸೆಕೆಂಡಿಗೆ ಒಂದು ನಡೆಯಂತೆ ಹಗಲೂ ರಾತ್ರಿ ಆಡಿದರೆ ಸುಮಾರು 4 ಲಕ್ಷ 67 ಸಾವಿರ ಕೋಟಿ ವರ್ಷ ಹಿಡಿಯುತ್ತದೆ.

ಲ್ಯೂಕಾ ಕಂಡುಕೊಂಡ ಪರೀಕ್ಷೆಯನ್ನು ಲೆಹ್ಮರ್ 1930ರಲ್ಲಿ ಇನ್ನಷ್ಟು ಸರಳಗೊಳಿಸಿದರು. ಆ ರೂಪದಲ್ಲಿ ಅದನ್ನು ಹೈಸ್ಕೂಲಿನ ಮಗುವಿಗೂ ಕಲಿಸಬಹುದು. ನಾಲ್ಕರಿಂದ ಆರಂಭಿಸಿ. ವರ್ಗ ಮಾಡಿ, ಎರಡು ಕಳೆಯಿರಿ, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳಿ. ಮತ್ತೆ ಅದನ್ನೇ ಮಾಡಿ. ಘಾತಕ್ಕಿಂತ ಎರಡು ಕಡಿಮೆ ಹೆಜ್ಜೆಗಳಾದ ಮೇಲೆ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 31ಕ್ಕೆ ಮಾಡೋಣ, ಘಾತ ಐದು, ಹೆಜ್ಜೆ ಮೂರು. 4 ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194, 31ರಿಂದ ಭಾಗಿಸಿದರೆ ಶೇಷ 8. 8ರ ವರ್ಗ 64, ಎರಡು ಕಳೆದರೆ 62, ಶೇಷ ಸೊನ್ನೆ. 31 ಅವಿಭಾಜ್ಯ. ಈಗ 2047ಕ್ಕೆ ಒಂಬತ್ತು ಹೆಜ್ಜೆ. ನಾಲ್ಕರ ಮುಂದೆ 14, 194, 788, 701, 119, 1877, 240, 282, ಕೊನೆಗೆ 1736. ಸೊನ್ನೆ ಬರಲಿಲ್ಲ. 2047 ಒಡೆಯುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಏಕೆಂದರೆ ಇವತ್ತು ನಾನು ಹೇಳಬೇಕೆಂದು ಬಂದದ್ದು ಇಲ್ಲಿದೆ. 1736 ಎಂಬ ಶೇಷ ನಮಗೆ ಏನು ಹೇಳಿತು? 2047 ಒಡೆಯುತ್ತದೆ ಎಂದಷ್ಟೇ ಹೇಳಿತು. 23ರ ಸುದ್ದಿ ಅದರಲ್ಲಿ ಇಲ್ಲ, 89ರ ಸುದ್ದಿಯೂ ಇಲ್ಲ. ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವಾಗ ನಾವು ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ನೀರಿದೆ ಎಂದು ಗೊತ್ತಾಗುತ್ತದೆ, ಕಾಯಿ ಮಾತ್ರ ಒಡೆದಿಲ್ಲ. ಲ್ಯೂಕಾ ಇಪ್ಪತ್ತೊಂದು ಅಂಕಿಗಳ ಈ ಕಾಯಿಯನ್ನು ಅಲ್ಲಾಡಿಸಿ ನೋಡಿದರು. ಮೆರ್ಸೆನ್ ಹೇಳಿದ್ದು ತಪ್ಪು, ಇದು ಅವಿಭಾಜ್ಯವಲ್ಲ ಎಂದರು. ಅದರ ಅಪವರ್ತನಗಳು ಯಾವುವು ಎಂದು ಅವರಿಗೂ ತಿಳಿದಿರಲಿಲ್ಲ. ಹೀಗೆ ಇಪ್ಪತ್ತೇಳು ವರ್ಷ ಕಳೆಯಿತು. ಸಂಖ್ಯೆ ಒಡೆಯುತ್ತದೆಂದು ಬಲ್ಲವರಿದ್ದರು, ಒಡೆದು ತೋರಿಸುವವರು ಇರಲಿಲ್ಲ. ಒಂದು ವಸ್ತು ಇದೆ ಎಂದು ನಿಸ್ಸಂದೇಹವಾಗಿ ತಿಳಿದೂ ಅದನ್ನು ಕಾಣದೆ ಇರುವ ಈ ಸ್ಥಿತಿ ಗಣಿತದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದೆ. ಮೊದಲ ಸಲ ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಈ ಸಂಖ್ಯೆಗೆ ವೇಷ ಹಾಕುವುದೂ ಗೊತ್ತು. ಫರ್ಮಾ ಕೊಟ್ಟ ಒಂದು ಸುಂದರ ನಿಯಮವಿದೆ. ಬೆಸ ಅವಿಭಾಜ್ಯ ಸಂಖ್ಯೆಯೊಂದನ್ನು ತೆಗೆದುಕೊಂಡು, ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ ಎರಡನ್ನು ಏರಿಸಿ, ಅದೇ ಸಂಖ್ಯೆಯಿಂದ ಭಾಗಿಸಿದರೆ ಶೇಷ ಒಂದೇ ಬರುತ್ತದೆ. ಏಳಕ್ಕೆ ನೋಡಿ: ಎರಡರ ಆರನೆಯ ಘಾತ 64, ಏಳರಿಂದ ಭಾಗಿಸಿದರೆ ಶೇಷ 1. ಹೆಚ್ಚಿನ ಸಂಯುಕ್ತ ಸಂಖ್ಯೆಗಳು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ನಮ್ಮ ಸಂಖ್ಯೆ ಸಿಕ್ಕಿಬೀಳುವುದಿಲ್ಲ. ಕಾರಣ ಅದರ ಹುಟ್ಟಿನಲ್ಲೇ ಇದೆ. ಅದು 2⁶⁷ಕ್ಕಿಂತ ಒಂದು ಕಡಿಮೆ. ಆದ್ದರಿಂದ 2⁶⁷ನ್ನು ಅದರಿಂದ ಭಾಗಿಸಿದರೆ ಶೇಷ 1. ಘಾತವನ್ನು ಅರವತ್ತೇಳರ ಎರಡು ಪಟ್ಟು, ಮೂರು ಪಟ್ಟು, ಎಷ್ಟು ಪಟ್ಟು ಮಾಡಿದರೂ ಶೇಷ 1. ಇನ್ನು ನಮ್ಮ ಸಂಖ್ಯೆಯಲ್ಲಿ ಒಂದು ಕಳೆದರೆ ಬರುವುದು 67ರಿಂದ ಭಾಗವಾಗುತ್ತದೆ; ಅದೂ ಫರ್ಮಾ ನಿಯಮದ ಫಲವೇ. ಹೀಗಾಗಿ ಪರೀಕ್ಷೆಯಲ್ಲಿ ಅವಿಭಾಜ್ಯ ಸಂಖ್ಯೆಯಂತೆಯೇ ತಲೆಯೆತ್ತಿ ಹೊರಬರುತ್ತದೆ. 2047 ಕೂಡ ಹೀಗೆಯೇ: 2046 ಎಂಬುದು 11 × 186. ಇಂತಹ ವೇಷ ಕಳಚಲು ಲ್ಯೂಕಾ ಪರೀಕ್ಷೆಯಂತಹ ಹರಿತವಾದ ಉಪಕರಣವೇ ಬೇಕಾಗಿತ್ತು.

ಸರಿ, ಕಾಯಿಯನ್ನು ಒಡೆಯುವುದು ಹೇಗೆ? 3, 5, 7, 11 ಎಂದು ಒಂದೊಂದರಿಂದಲೂ ಭಾಗಿಸುತ್ತ ಹೋದರೆ ಸುಮಾರು 1,215 ಕೋಟಿಯವರೆಗೆ ಹೋಗಬೇಕು, ಅದು ಈ ಸಂಖ್ಯೆಯ ವರ್ಗಮೂಲ. ಆದರೆ ಅಪವರ್ತನ ಎಲ್ಲೆಂದರಲ್ಲಿ ಅಡಗಿರಲಾರದು. ಅದಕ್ಕೆ ಇರಬಹುದಾದ ಜಾಗಗಳನ್ನು ಮುಂಚೆಯೇ ಗುರುತು ಮಾಡಬಹುದು.

ನಮ್ಮ ಸಂಖ್ಯೆಯನ್ನು ಭಾಗಿಸುವ ಒಂದು ಅವಿಭಾಜ್ಯವನ್ನು ‘ಅ’ ಎನ್ನೋಣ. ಎರಡರ ಘಾತಗಳನ್ನು ಒಂದರ ಹಿಂದೆ ಒಂದು ಬರೆದು, ಪ್ರತಿಯೊಂದನ್ನೂ ‘ಅ’ದಿಂದ ಭಾಗಿಸಿ ಶೇಷ ಬರೆಯಿರಿ. ಗಡಿಯಾರದ ಮುಳ್ಳಿನಂತೆ ಶೇಷಗಳು ಸುತ್ತಿ ಸುತ್ತಿ ಮತ್ತೆ ಒಂದಕ್ಕೆ ಬರುತ್ತವೆ. ಅರವತ್ತೇಳನೆಯ ಹೆಜ್ಜೆಯಲ್ಲಿ ಒಂದಕ್ಕೆ ಬಂದೇ ಬರುತ್ತವೆ. ಹಾಗಾದರೆ ಒಂದು ಸುತ್ತಿನ ಉದ್ದ 67ನ್ನು ಭಾಗಿಸಬೇಕು. 67 ಅವಿಭಾಜ್ಯವಾದ್ದರಿಂದ ಸುತ್ತಿನ ಉದ್ದ ಸರಿಯಾಗಿ 67. ಇತ್ತ ಫರ್ಮಾ ನಿಯಮ, ‘ಅ’ಕ್ಕಿಂತ ಒಂದು ಕಡಿಮೆ ಹೆಜ್ಜೆಗಳಲ್ಲೂ ಮುಳ್ಳು ಒಂದಕ್ಕೆ ಬರುತ್ತದೆ ಎನ್ನುತ್ತದೆ. ಅಂದರೆ ಅಷ್ಟು ಹೆಜ್ಜೆಗಳಲ್ಲಿ ಪೂರ್ಣ ಸುತ್ತುಗಳಾಗಿರಬೇಕು. ‘ಅ’ದಿಂದ ಒಂದು ಕಳೆದದ್ದು 67ರಿಂದ ಭಾಗವಾಗಬೇಕು. ‘ಅ’ ಬೆಸವಾದ್ದರಿಂದ 134ರಿಂದಲೂ ಭಾಗವಾಗಬೇಕು. ಈಗ ಹಿಡಿತ ಸಿಕ್ಕಿತು: ಈ ಸಂಖ್ಯೆಯ ಪ್ರತಿಯೊಂದು ಅಪವರ್ತನವೂ 134ರ ಯಾವುದೋ ಒಂದು ಪಟ್ಟಿಗಿಂತ ಒಂದು ಹೆಚ್ಚು. 2047ರಲ್ಲಿ ತಾಳೆ ನೋಡಿ. ಅಲ್ಲಿ 22ರ ಪಟ್ಟು: 23 ಎಂದರೆ 22ಕ್ಕಿಂತ ಒಂದು ಹೆಚ್ಚು, 89 ಎಂದರೆ 88ಕ್ಕಿಂತ ಒಂದು ಹೆಚ್ಚು.

ಇನ್ನೊಂದು ಹಿಡಿತವಿದೆ, ಅದು ನನಗೆ ಇನ್ನೂ ಪ್ರಿಯ. 2³⁴ ಎಂಬುದರ ವರ್ಗ 2⁶⁸. ನಮ್ಮ ಸಂಖ್ಯೆಯಿಂದ ಭಾಗಿಸಿದರೆ 2⁶⁷ರ ಶೇಷ 1, ಆದ್ದರಿಂದ 2⁶⁸ರ ಶೇಷ 2. ಅಂದರೆ ಈ ಗಡಿಯಾರದಲ್ಲಿ ಎರಡು ಎಂಬುದು ಒಂದು ಪೂರ್ಣವರ್ಗ! ‘ಅ’ದ ಗಡಿಯಾರದಲ್ಲೂ ಹಾಗೆಯೇ. ಎರಡು ಯಾವ ಅವಿಭಾಜ್ಯಗಳ ಗಡಿಯಾರದಲ್ಲಿ ವರ್ಗವಾಗುತ್ತದೆ ಎಂಬುದು ಆಯ್ಲರ್ ಕಾಲದಿಂದ ಪರಿಚಿತವಾದ ವಿಷಯ: ಎಂಟರಿಂದ ಭಾಗಿಸಿದಾಗ ಶೇಷ 1 ಅಥವಾ 7 ಉಳಿಯುವ ಅವಿಭಾಜ್ಯಗಳಲ್ಲಿ ಮಾತ್ರ. ಹೀಗೆ ಉಳಿದ ಜಾಗಗಳಲ್ಲಿ ಅರ್ಧ ಹೋಯಿತು. ಎರಡೂ ನಿಯಮಗಳನ್ನು ದಾಟಿ ವರ್ಗಮೂಲದವರೆಗೆ ಉಳಿಯುವ ಉಮೇದುವಾರರು ಸುಮಾರು ನಾಲ್ಕೂವರೆ ಕೋಟಿ. ಕೈಯಲ್ಲಿ ಭಾಗಿಸುವ ಮನುಷ್ಯನಿಗೆ ಅದೂ ಆಯುಷ್ಯವನ್ನು ಮೀರಿದ ಕೆಲಸ.

ಈಗ ಫ್ರಾಂಕ್ ನೆಲ್ಸನ್ ಕೋಲ್ ಬರುತ್ತಾರೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಯ ಕಾರ್ಯದರ್ಶಿ. ಆ ಕಾರ್ಯದರ್ಶಿಯ ಕೆಲಸವನ್ನು 1896ರಿಂದ 1920ರವರೆಗೆ ಮಾಡಿದವರು. 1903ರ ಅಕ್ಟೋಬರ್ 31ರಂದು ಸೊಸೈಟಿಯ ಸಭೆಯಲ್ಲಿ ‘ದೊಡ್ಡ ಸಂಖ್ಯೆಗಳ ಅಪವರ್ತನ’ ಕುರಿತು ಅವರ ಪ್ರಬಂಧವಿತ್ತು. ಮುಂದಿನದು ಅವರ ಶಿಷ್ಯ ಎರಿಕ್ ಟೆಂಪಲ್ ಬೆಲ್ ಬರೆದಿಟ್ಟ ಚಿತ್ರ. ಕೋಲ್ ಎದ್ದರು. ಮಾತನಾಡದೆ ಕರಿಹಲಗೆಯ ಬಳಿ ಹೋಗಿ ಎರಡರ ಅರವತ್ತೇಳನೆಯ ಘಾತವನ್ನು ಲೆಕ್ಕ ಹಾಕಿ, ಒಂದನ್ನು ಕಳೆದರು. ಪಕ್ಕದ ಖಾಲಿ ಜಾಗದಲ್ಲಿ ಎರಡು ಸಂಖ್ಯೆಗಳನ್ನು ಬರೆದು, ಶಾಲೆಯ ಹುಡುಗನಂತೆ ಸಾಲು ಸಾಲಾಗಿ ಗುಣಿಸಿದರು:

193707721 × 761838257287

ಎರಡೂ ಕಡೆಯ ಉತ್ತರ ಒಂದೇ ಆಯಿತು. ಕೋಲ್ ಒಂದು ಮಾತೂ ಆಡದೆ ಹೋಗಿ ಕುಳಿತರು. ಸಭೆ ಚಪ್ಪಾಳೆ ತಟ್ಟಿತು. ಯಾರೂ ಪ್ರಶ್ನೆ ಕೇಳಲಿಲ್ಲ. ಇದಕ್ಕೆ ಎಷ್ಟು ಕಾಲ ಹಿಡಿಯಿತು ಎಂದು 1911ರಲ್ಲಿ ಬೆಲ್ ಕೇಳಿದಾಗ, ಮೂರು ವರ್ಷಗಳ ಭಾನುವಾರಗಳು ಎಂದು ಉತ್ತರ ಬಂದಿತಂತೆ.

ಈ ಕಥೆಯನ್ನು ಬೆಲ್ ಪುಸ್ತಕದಲ್ಲಿ ಬರೆದದ್ದು ಘಟನೆಯಾಗಿ ಸುಮಾರು ಐದು ದಶಕಗಳ ನಂತರ. ಗಣಿತಜ್ಞರ ಬದುಕಿಗೆ ಬಣ್ಣ ತುಂಬುವುದರಲ್ಲಿ ಬೆಲ್ ಧಾರಾಳಿಗಳು ಎಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಆ ಮೌನದ ಒಂದೊಂದು ಕ್ಷಣವನ್ನೂ ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಸೊಸೈಟಿಯ ಪತ್ರಿಕೆಯಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿ ಅಚ್ಚಾದ ಕೋಲ್ ಅವರ ಲೇಖನವಿದೆ. ನನಗೆ ಮೌನದ ಕಥೆಗಿಂತ ಆ ನಾಲ್ಕು ಪುಟಗಳು ದೊಡ್ಡವು, ಏಕೆಂದರೆ ದಾರಿ ಅವುಗಳಲ್ಲಿದೆ.

ಭಾನುವಾರಗಳ ಲೆಕ್ಕವನ್ನೇ ನೋಡಿ. ಮೂರು ವರ್ಷಕ್ಕೆ ಸುಮಾರು 156 ಭಾನುವಾರ. ಚಿಕ್ಕ ಅಪವರ್ತನ 19 ಕೋಟಿ 37 ಲಕ್ಷದ ಆಸುಪಾಸಿನಲ್ಲಿದೆ. ಅಲ್ಲಿಯವರೆಗೆ ನಮ್ಮ ಎರಡು ನಿಯಮಗಳನ್ನು ದಾಟುವ ಉಮೇದುವಾರರನ್ನು ಎಣಿಸಿದ್ದೇನೆ: 7,22,790. ಅಷ್ಟನ್ನೂ ಭಾಗಿಸಿ ನೋಡಬೇಕಾಗಿದ್ದರೆ ಭಾನುವಾರಕ್ಕೆ ನಾಲ್ಕು ಸಾವಿರದ ಆರುನೂರಕ್ಕಿಂತ ಹೆಚ್ಚು ಭಾಗಾಕಾರ, ಅದೂ ಇಪ್ಪತ್ತೊಂದು ಅಂಕಿಗಳ ಸಂಖ್ಯೆಯ ಮೇಲೆ. ಅವುಗಳಲ್ಲಿ ಅವಿಭಾಜ್ಯಗಳನ್ನು ಮಾತ್ರ ಇಟ್ಟುಕೊಂಡರೆ ಸುಮಾರು ಎಂಬತ್ತು ಸಾವಿರಕ್ಕೆ ಇಳಿಯುತ್ತಿತ್ತು. ಆದರೆ ಅಷ್ಟು ದೂರದ ಅವಿಭಾಜ್ಯಗಳ ಪಟ್ಟಿ ಅಂದು ಅಚ್ಚಿನಲ್ಲಿ ಇರಲಿಲ್ಲ. ಮೇಲಾಗಿ, ಹುಡುಕಾಟ 19 ಕೋಟಿಯಲ್ಲಿ ಮುಗಿಯುತ್ತದೆಂದು ಅವರಿಗೆ ಯಾರು ಹೇಳಿದ್ದರು? ಕೋಲ್ ಜರಡಿ ಹಿಡಿದರು. ಈಗ ತಾನೇ ಎರಡು ಎಂಬುದು ಈ ಗಡಿಯಾರದಲ್ಲಿ ವರ್ಗ ಎಂದು ತೋರಿಸಿದೆನಲ್ಲ, ಹಾಗೆಯೇ ಬೇರೆ ಬೇರೆ ಚಿಕ್ಕ ಸಂಖ್ಯೆಗಳು ವರ್ಗಗಳಾಗುವುದನ್ನು ಪತ್ತೆ ಹಚ್ಚುತ್ತ ಹೋಗಬೇಕು. ಸಿಕ್ಕ ಹೊಸ ವರ್ಗ ಪ್ರತಿಯೊಂದೂ ಉಳಿದ ಉಮೇದುವಾರರಲ್ಲಿ ಅರ್ಧದಷ್ಟನ್ನು ಜರಡಿಯ ಕೆಳಗೆ ಬೀಳಿಸುತ್ತದೆ. ಅಂತಹ ಹತ್ತು ಸಿಕ್ಕರೆ ಸಾವಿರಕ್ಕೆ ಒಂದು ಉಳಿಯುತ್ತದೆ. ಕೆಲಸ ಕಷ್ಟದ್ದು, ಒಂದು ಅಂಕಿ ತಪ್ಪಿದರೆ ನಿಜವಾದ ಅಪವರ್ತನವೇ ಜರಡಿಯಿಂದ ಜಾರಿಹೋಗುತ್ತದೆ, ಜಾರಿದ್ದು ಗೊತ್ತೂ ಆಗುವುದಿಲ್ಲ.

ಗುಣಾಕಾರವನ್ನು ನೀವೂ ಮಾಡಿ ನೋಡಿ ಎಂದು ಪ್ರತಿಯೊಂದು ಸಭೆಯಲ್ಲೂ ಕೇಳಿಕೊಳ್ಳುತ್ತೇನೆ. ಹೆದರಬೇಡಿ. 193707721ರಲ್ಲಿ ಏಳು ಮೂರು ಸಲ ಬರುತ್ತದೆ, ಒಂದು ಎರಡು ಸಲ, ಸೊನ್ನೆ ಒಂದು ಸಲ. ಏಳರ ಸಾಲು 5332867801009. ಅದನ್ನು ಒಮ್ಮೆ ಲೆಕ್ಕ ಹಾಕಿದರೆ ಮೂರು ಕಡೆ ಬರೆದುಕೊಳ್ಳಬಹುದು. ಹೊಸದಾಗಿ ಮಾಡಬೇಕಾದದ್ದು ಎರಡು, ಮೂರು, ಒಂಬತ್ತರ ಸಾಲುಗಳು ಮಾತ್ರ. ನಾನು ಮೊದಲ ಸಲ ಮಾಡಿದಾಗ ಕೂಡುವಾಗ ದಶಕ ತಪ್ಪಿ, ಮತ್ತೆ ಮೊದಲಿನಿಂದ ಮಾಡಿದೆ. ಕೊನೆಯ ಸಾಲಿನಲ್ಲಿ 927 ಎಂದು ಮುಗಿದು, ಎಡಕ್ಕೆ ಹೋಗುತ್ತ ಹೋಗುತ್ತ 147573 ಎಂದು ಬಂದಾಗ ಆದ ಸಂತೋಷವನ್ನು ಹೇಳಿ ತಿಳಿಸಲಾರೆ.

ಮಾಡಿದ್ದು ಸರಿಯೇ ಎಂದು ನಮ್ಮ ಹಿರಿಯರ ಹಾಗೆ ಒಂಬತ್ತನ್ನು ಕಳೆದು ತಾಳೆ ನೋಡೋಣ. 193707721ರ ಅಂಕಿಗಳ ಮೊತ್ತ 37, ಅಂದರೆ 10, ಅಂದರೆ 1. ಇನ್ನೊಂದರದು 64, ಅದೂ 10, ಅದೂ 1. ಒಂದನ್ನು ಒಂದರಿಂದ ಗುಣಿಸಿದರೆ 1. ದೊಡ್ಡ ಸಂಖ್ಯೆಯ ಅಂಕಿಗಳ ಮೊತ್ತ 109. ಅದೂ 10, ಅದೂ 1. ತಾಳೆಯಾಯಿತು. ಇನ್ನು ನಮ್ಮ ನಿಯಮಗಳು. 193707720 ಎಂಬುದು 134 × 1445580. 761838257286 ಎಂಬುದು 134 × 5685360129. ಎಂಟರಿಂದ ಭಾಗಿಸಿದರೆ ಮೊದಲನೆಯದರ ಶೇಷ 1, ಎರಡನೆಯದರ ಶೇಷ 7. ಎಲ್ಲಿ ಅಡಗಿರಬೇಕೆಂದು ನಾವು ಗುರುತು ಹಾಕಿದ್ದೆವೋ ಅಲ್ಲೇ ಎರಡೂ ಸಿಕ್ಕವು. ಈ ಎರಡೂ ಅವಿಭಾಜ್ಯ ಸಂಖ್ಯೆಗಳು. ಇವುಗಳನ್ನು ಮತ್ತೆ ಒಡೆಯಲು ಬರುವುದಿಲ್ಲ.

ಮೆರ್ಸೆನ್ ಪಟ್ಟಿಯ ಲೆಕ್ಕವನ್ನೂ ಇಲ್ಲಿಯೇ ಮುಗಿಸುತ್ತೇನೆ. ಅದರಲ್ಲಿ ಐದು ತಪ್ಪುಗಳಿದ್ದವು. 67 ಮತ್ತು 257 ಇರಬಾರದಾಗಿತ್ತು; 61, 89, 107 ಇರಬೇಕಾಗಿತ್ತು. 1947ರ ಹೊತ್ತಿಗೆ ಪಟ್ಟಿ ಪೂರ್ತಿ ಶುದ್ಧವಾಯಿತು. ಮೆರ್ಸೆನ್ ಬರೆದದ್ದು 61, ಅಚ್ಚಿನಲ್ಲಿ 67 ಆಗಿರಬಹುದು ಎಂದು ಊಹಿಸಿದವರೂ ಇದ್ದಾರೆ. ಅಪವರ್ತನ ಸಿಕ್ಕ ಮೇಲೆ ಪರಿಪೂರ್ಣ ಸಂಖ್ಯೆಯ ಆಸೆಯೂ ಹೋಯಿತು. 2⁶⁶ನ್ನು ನಮ್ಮ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ಭಾಗಿಸುವ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿದರೆ ಮೊತ್ತ ಹೆಚ್ಚಾಗುತ್ತದೆ. ಎಷ್ಟು ಹೆಚ್ಚು ಎಂಬುದೂ ಸೊಗಸಾಗಿದೆ: ಎರಡು ಅಪವರ್ತನಗಳ ಮೊತ್ತವನ್ನು ನಮ್ಮ ಸಂಖ್ಯೆಯಿಂದ ಗುಣಿಸಿದಷ್ಟು. 2047ರಲ್ಲಿ ಇದನ್ನೂ ನೀವು ಮನೆಯಲ್ಲಿ ತಾಳೆ ನೋಡಬಹುದು.

ಇಂದು ನಿಮ್ಮ ಜೇಬಿನ ಮೊಬೈಲ್ ಈ ಸಂಖ್ಯೆಯನ್ನು ಕಣ್ಣು ಮಿಟುಕಿಸುವುದರೊಳಗೆ ಒಡೆಯುತ್ತದೆ. ಲ್ಯೂಕಾ ಪರೀಕ್ಷೆ ಈಗಲೂ ಚಾಲ್ತಿಯಲ್ಲಿದೆ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ, ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳ ಅವಿಭಾಜ್ಯವನ್ನು ದೃಢಪಡಿಸಲು ಅದೇ ಪರೀಕ್ಷೆಯನ್ನು ಬಳಸಿದರು. ಅದರ ಘಾತ 13,62,79,841. ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂಬ ಈ ಒಂದೇ ಸಂಗತಿಯನ್ನು ನೆಚ್ಚಿಕೊಂಡು ಬ್ಯಾಂಕಿನ ಜಾಲತಾಣಗಳ ಬೀಗಗಳಲ್ಲಿ ಹಲವು ಕೆಲಸ ಮಾಡುತ್ತಿವೆ. ಆ ವಿಷಯಕ್ಕೆ ಇನ್ನೊಂದು ಸಂಜೆ ಬೇಕು.

ಕಂಪ್ಯೂಟರ್ ಬಂದ ಮೇಲೆ ಕೋಲ್ ಅವರ ಭಾನುವಾರಗಳು ಮುಗಿದವೇ ಎಂದು ಕಳೆದ ಸಲ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಅವಳಿಗೆ ನಾನು ಹಲಗೆಯ ಮೇಲೆ 2¹²⁷⁷ − 1 ಎಂದು ಬರೆದು ತೋರಿಸಿದೆ. 385 ಅಂಕಿಗಳು. 1277 ಅವಿಭಾಜ್ಯ. ಲ್ಯೂಕಾ ಪರೀಕ್ಷೆ ಮಾಡಿದ್ದಾರೆ, ಸೊನ್ನೆ ಬಂದಿಲ್ಲ. ಸಂಖ್ಯೆ ಒಡೆಯುತ್ತದೆ, ಸಂದೇಹವಿಲ್ಲ. ಅದರ ಒಂದೇ ಒಂದು ಅಪವರ್ತನವನ್ನೂ ಇವತ್ತಿನವರೆಗೆ ಯಾರೂ ಕಂಡಿಲ್ಲ. ಇಂತಹ ಘಾತಗಳಲ್ಲಿ ಅದೇ ಅತ್ಯಂತ ಚಿಕ್ಕದು. ಆ ಹುಡುಗಿ ಸ್ವಲ್ಪ ಹೊತ್ತು ಹಲಗೆ ನೋಡಿ, ನನ್ನ ಕೈಯಿಂದ ಸುಣ್ಣದ ಕಡ್ಡಿ ತೆಗೆದುಕೊಂಡು ಕೆಳಗೆ ಬರೆದಳು: ‘2554ರ ಪಟ್ಟಿಗಿಂತ ಒಂದು ಹೆಚ್ಚು, ಎಂಟರಿಂದ ಭಾಗಿಸಿದರೆ ಶೇಷ 1 ಅಥವಾ 7.’